ಚಿಕ್ಕಮ್ಮನ ಹಿಂದಿನ ಚಕ್ರ

ನಮ್ಮ ಮನೆಯ ಹಿಂದೆ ಹರಿಯುವ ನದಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗಲೆಲ್ಲ ಅಜ್ಜಿ ಬೇರೆ ಬೇರೆ ಕತೆ ಹೇಳುತ್ತಿದ್ದಳು. ಒಮ್ಮೆ ಅದು ಸಮುದ್ರರಾಜನ ಮನೆಗೆ ಜೀತಕ್ಕೆ ಹೋಗುತ್ತಿತ್ತು, ಇನ್ನೊಮ್ಮೆ ಅಲ್ಲಿಂದ ತಪ್ಪಿಸಿಕೊಂಡು ಬರುತ್ತಿತ್ತು. ಯಾವುದು ನಿಜ ಎಂದು ಪೀಡಿಸಿದರೆ, "ನಾನೆಲ್ಲಿ ಕಂಡಿದ್ದೀನೇ? ಕಾಲು ಗಟ್ಟಿಯಿದ್ರೆ ನೀನೇ ಹೋಗಿ ನೋಡ್ಕೊಂಡು ಬಾ" ಎನ್ನುತ್ತಿದ್ದಳು. ಈ ಬೇಸಿಗೆಯಲ್ಲಿ ಚಿಕ್ಕಮ್ಮ ಆಸ್ಪತ್ರೆಗೆ ರಜೆ ಹಾಕಿ, ನದಿಯ ಪಕ್ಕದ ದಾರಿ ಹಿಡಿದು ಸಮುದ್ರದವರೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಾಗ, ಯಾರೂ ಕರೆಯದಿದ್ದರೂ ನಾನೂ ಹೊರಟುಬಿಟ್ಟೆ.

ಗಟ್ಟಿಯಿಲ್ಲದ್ದು ಕಾಲೇ. ಅರ್ಧ ದಾರಿಯೂ ಆಗಿರಲಿಲ್ಲ, ಬಲ ಮೊಣಕಾಲು ಊದಿಕೊಂಡಿತು. ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ, ಕಿಟಕಿಯ ಸರಳಿಗೆ ಒಣಹಾಕಿದ್ದ ಸಾಕ್ಸುಗಳ ಕೆಳಗೆ ನನ್ನನ್ನು ಕೂರಿಸಿಕೊಂಡು ಚಿಕ್ಕಮ್ಮ ಮಂಡಿಚಿಪ್ಪಿನ ಸುತ್ತ ಹೆಬ್ಬೆರಳಿನಿಂದ ಒತ್ತಿದಳು. ಅವಳು ನರ್ಸು.

"ನೋವಾ?"

"ಏನಿಲ್ಲ."

"ಏನಿಲ್ಲ ಅನ್ನೋರನ್ನ ದಿನಾ ನೋಡ್ತೀನಿ. ಇನ್ನೊಂದು ಚೂರು ಒತ್ತಿದ್ರೆ ಗೋಡೆ ಹತ್ತುತ್ತಾರೆ."

ಒತ್ತಿದಳು. ನಾನು ಗೋಡೆ ಹತ್ತಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಬಂತು.

"ಗುಡ್ಡ ದಾಟಿದ್ಮೇಲೆ ಬಸ್ ಸ್ಟ್ಯಾಂಡ್ ಸಿಗುತ್ತೆ. ಅಲ್ಲಿಗೆ ಹೋಗೋ ಹೊತ್ತಿಗೆ ಜಾಸ್ತಿಯಾಗಿದ್ರೆ ಸೈಕಲ್ ಸಮೇತ ನಿನ್ನ ಬಸ್ಸಿಗೆ ಹತ್ತಿಸಿಬಿಡ್ತೀನಿ. ಅಕ್ಕನಿಗೆ ಕುಂಟೋ ಮಗಳನ್ನ ಒಪ್ಪಿಸೋ ಧೈರ್ಯ ನನಗಿಲ್ಲ."

ಅಂದೂ ಎಂದಿನಂತೆ ಚಿಕ್ಕಮ್ಮ ಮುಂದೆ, ನಾನು ಹಿಂದೆ. ಅಲ್ಲಿಯವರೆಗೆ ನಾನು ನದಿ ನೋಡಿದ್ದಕ್ಕಿಂತ ಚಿಕ್ಕಮ್ಮನ ಹಿಂದಿನ ಚಕ್ರ ನೋಡಿದ್ದೇ ಹೆಚ್ಚು. ಅವಳ ಕಾಲು ಉದ್ದ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುತ್ತಾಳೆ. ಅವಳ ಕಾಲು ಇಳಿದಾಗ ನನ್ನದೂ ಇಳಿಯಬೇಕು ಎಂದು ನಾನೂ ಅದೇ ಗೇರಿಗೆ ಹಾಕಿಕೊಂಡಿದ್ದೆ. ಸ್ವಲ್ಪ ಹಿಂದೆ ಬಿದ್ದರೂ ಉಸಿರು ಬಿಗಿಹಿಡಿದು ಹೋಗಿ ಅಂಟಿಕೊಳ್ಳುತ್ತಿದ್ದೆ. ನಿಧಾನವಾಗಿ ಹೋಗು ಎಂದು ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಅಮ್ಮ ಜ್ವರ ಬಂದಾಗಲೂ ಪಾತ್ರೆ ತೊಳೆದೇ ಮಲಗುವವಳು.

ಏರು ಶುರುವಾದಲ್ಲಿ ನನ್ನ ಚೈನು ಕಳಚಿತು. ಕೂಗಿದೆ. ಅದೇ ಹೊತ್ತಿಗೆ ಲಾರಿಯೊಂದು ಹಾರನ್ ಹೊಡೆದು ನನ್ನ ಕೂಗನ್ನು ನುಂಗಿಹಾಕಿತು. ಚಿಕ್ಕಮ್ಮ ತಿರುವಿನಲ್ಲಿ ಮರೆಯಾದಳು. ಚೈನು ಕೂರಿಸಿ, ಮಸಿಯಾದ ಕೈಯನ್ನು ಹುಲ್ಲಿಗೆ ಒರೆಸಿ ಮತ್ತೆ ಹತ್ತಿದಾಗ ಮುಂದೆ ಬರೀ ರಸ್ತೆ.

ಒಬ್ಬಳೇ ಇದ್ದಾಗ ಕತೆ ಹೇಳಿಕೊಳ್ಳುವುದು ನನ್ನ ಹಳೇ ಚಾಳಿ. ಜೀತಕ್ಕೆ ಹೋದ ನದಿಯ ಕತೆಯನ್ನು ಗಟ್ಟಿಯಾಗಿ ಶುರುಮಾಡಿದೆ. ಮೊದಲ ವಾಕ್ಯ ಮುಗಿಯುವ ಮುಂಚೆಯೇ ಉಸಿರು ಮುಗಿಯಿತು. ವಾಕ್ಯದ ನಡುವೆ ಕತೆ ನಿಲ್ಲಿಸಿದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಗೇರು ಇಳಿಸಿದೆ. ವಾಕ್ಯ ಸ್ವಲ್ಪ ಮುಂದೆ ಹೋಯಿತು. ಇನ್ನೂ ಇಳಿಸಿದೆ. ಈಗ ಕಾಲು ಹಗುರವಾಗಿ ಗರಗರ ತಿರುಗತೊಡಗಿತು, ಸೈಕಲ್ಲು ಮಾತ್ರ ಇರುವೆಯಂತೆ ಹತ್ತುತ್ತಿತ್ತು. ನದಿ ರಾಜನ ಬಾಗಿಲಿಗೆ ಬಂತು, ಬಾಗಿಲು ಕಾಯುವವನ ಜೊತೆ ಜಗಳವಾಡಿತು, ಸೀರೆ ಕೊಡವಿ ಒಳಗೆ ನಡೆಯಿತು. ಮೊಣಕಾಲು ನೋಯುತ್ತಲೇ ಇತ್ತು, ಆದರೆ ಕತೆಯ ನಡುವೆ ಬಾಯಿ ಹಾಕುವಷ್ಟಲ್ಲ.

ರಸ್ತೆ ರಿಪೇರಿಯಾಗುತ್ತಿದ್ದಲ್ಲಿ ಕೆಂಪು ಬಾವುಟ ಹಿಡಿದ ಹೆಂಗಸೊಬ್ಬಳು ನನ್ನನ್ನು ತಡೆದಳು.

"ಯಾರ ಜೊತೆ ಮಾತಾಡ್ತಿದ್ದೀಯಮ್ಮಾ? ಫೋನೂ ಕಾಣ್ತಿಲ್ಲ."

"ಕತೆ ಹೇಳ್ಕೊಳ್ತಿದ್ದೀನಿ."

"ಪುಣ್ಯವಂತೆ. ಮುಂದೆ ಒಬ್ರು ಹೋದ್ರು, ನೀರು ಬೇಕಾ ಅಂದ್ರೂ ಬಾಯಿ ಬಿಡ್ಲಿಲ್ಲ. ಹಲ್ಲು ಕಚ್ಕೊಂಡು ತುಳೀತಿದ್ರು. ನಿಮ್ಮಕ್ಕನಾ?"

"ಚಿಕ್ಕಮ್ಮ."

"ಅಕ್ಕ ಅಂದೆ ಅಂತ ಹೇಳು, ಖುಷಿಪಡ್ತಾರೆ."

ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮ್ಮ ಬೆಂಚಿನ ಮೇಲೆ ಶೂ ಕಳಚಿ ಕೂತು, ಎರಡೂ ಮುಷ್ಟಿಯಿಂದ ತೊಡೆ ಗುದ್ದಿಕೊಳ್ಳುತ್ತಿದ್ದಳು. ನಮ್ಮ ಊರಿನ ಕಡೆಯ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ಹಗ್ಗ ಹಿಡಿದು ಏಣಿಗೆ ಒರಗಿದ್ದ.

"ಎಲ್ಲೇ ಹಾಳಾಗಿ ಹೋಗಿದ್ದೆ?"

"ಚೈನು ಕಳಚ್ತು. ಆಮೇಲೆ ನಿಧಾನಕ್ಕೆ ಬಂದೆ."

"ಮಂಡಿ ಹೇಗಿದೆ?"

ಏನಿಲ್ಲ ಎಂಬುದು ನಾಲಿಗೆ ತುದಿಗೆ ಬಂದಿತ್ತು. ಅದನ್ನು ಅವಳು ನಂಬುವುದಿಲ್ಲ, ಬಸ್ಸು ಕಾದು ನಿಂತಿದೆ.

"ನೋವಿದೆ. ಬೆಳಿಗ್ಗೆಯಷ್ಟಿಲ್ಲ. ಚಿಕ್ಕಮ್ಮಾ, ನಿನ್ನ ವೇಗಕ್ಕೆ ನನ್ನ ಕೈಲಿ ಬರೋಕಾಗಲ್ಲ. ನನ್ನ ಪಾಡಿಗೆ ಬಿಟ್ರೆ ಸಮುದ್ರದವರೆಗೂ ಬರ್ತೀನಿ."

"ನನ್ನ ವೇಗಾನಾ?" ಅವಳು ಗುದ್ದುವುದನ್ನು ನಿಲ್ಲಿಸಿದಳು. "ಹಿಂದಿಂದ ಬಂದು ಬಂದು ಮುಟ್ಟೋ ಹಾಗೆ ಮಾಡ್ತಿದ್ದಿದ್ದು ಯಾರು? ಹುಡುಗಿಗೆ ಅವಸರ, ನಾನು ಅಡ್ಡ ಆಗಬಾರದು ಅಂತ ಪ್ರಾಣ ಬಿಟ್ಕೊಂಡು ತುಳಿದೆ. ತೊಡೆ ಮುಟ್ಟಿ ನೋಡು, ಮರದ ದಿಮ್ಮಿ."

"ಮೊದಲೇ ಹೇಳೋದಲ್ವಾ?"

"ನೀನು ಹೇಳಿದ್ಯಾ?"

ಕಂಡಕ್ಟರ್ ಹತ್ತಿರ ಬಂದ. "ಒಂದು ಸೈಕಲ್ಲಾ, ಎರಡಾ? ನೋಡಿದ್ರೆ ಇಬ್ರನ್ನೂ ಮೇಲೆ ಕಟ್ಟೋ ಹಾಗಿದೆ."

ಚಿಕ್ಕಮ್ಮ ನನ್ನ ಮೊಣಕಾಲು ಹಿಡಿದಳು. ಒತ್ತಿದಳು, ಮಡಿಸಿದಳು, ಬಿಡಿಸಿದಳು. ಅಷ್ಟು ಹೊತ್ತೂ ನಾನು ಆ ಹಗ್ಗವನ್ನೇ ನೋಡುತ್ತಿದ್ದೆ.

"ಊತ ಏರಿಲ್ಲ" ಎಂದು ತನಗೇ ಹೇಳಿಕೊಂಡಳು. ಆಮೇಲೆ ಕಂಡಕ್ಟರಿಗೆ, "ಒಂದೂ ಇಲ್ಲಪ್ಪ, ನೀವು ಹೊರಡಿ."

"ಇಷ್ಟು ಹೊತ್ತು ಹಗ್ಗ ಹಿಡಿಸಿದ್ರಲ್ಲ!" ಎಂದು ಗೊಣಗಿ ಅವನು ಸೀಟಿ ಊದಿದ.

"ನಾಳೆವರೆಗೆ ನೋಡ್ತೀನಿ" ಎಂದಳು ಚಿಕ್ಕಮ್ಮ. "ಊದಿದ್ರೆ ವಾದ ಇಲ್ಲ. ಇನ್ಮೇಲೆ ನೀನೇ ಮುಂದೆ ಹೋಗು."

ಊಟ ಮಾಡಿ ಹೊರಟೆವು. ಎಡಗಡೆ ನದಿ, ನಾನು ಅಂದುಕೊಂಡಿದ್ದಕ್ಕಿಂತ ಅಗಲವಾಗಿ, ಕೆಸರು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಹಿಂದಿನಿಂದ ಚಿಕ್ಕಮ್ಮನ ಬಾಯಿ ಸುಮ್ಮನಿರಲಿಲ್ಲ. "ಏ, ಸೈಕಲ್ಲು ನಿದ್ದೆ ಹೋಗಿಬಿಟ್ಟೀತು ಕಣೆ! ನೋಡು, ಆ ಮುದುಕ ನಡ್ಕೊಂಡೇ ನಮ್ಮನ್ನ ದಾಟ್ತಾನೆ." ಜೋರಾಗಿ ತುಳಿಯಲು ನನ್ನ ಕಾಲು ತುರಿಸಿತು. ಅಭ್ಯಾಸಬಲ, ಗೇರಿನ ಮೇಲೆ ಬೆರಳೂ ಹೋಯಿತು. ಬದಲಿಸಲಿಲ್ಲ. ಮುದುಕ ನಮ್ಮನ್ನು ದಾಟಲಿಲ್ಲ, ಆದರೆ ಬಹಳ ಹೊತ್ತು ಜೊತೆಯಲ್ಲೇ ಇದ್ದ.

ಮುಂದಿನ ಏರಿನಲ್ಲಿ ಗೊಣಗಾಟ ನಿಂತಿತು. ನಡುಮಧ್ಯದಲ್ಲಿ, ನಮ್ಮ ಮನೆಯವರ ಬಾಯಲ್ಲಿ ನಾನೆಂದೂ ಕೇಳದ ಮಾತು ಕೇಳಿತು:

"ಸ್ವಲ್ಪ ನಿಲ್ಲೇ. ನನಗೆ ಸಾಕಾಗಿದೆ."

ನಿಂತೆ. ಚಿಕ್ಕಮ್ಮ ಹುಲ್ಲಿನ ಮೇಲೆ ಕಾಲು ಚಾಚಿ ನೀರು ಕುಡಿದಳು. ಆಮೇಲೆ "ಹೊರಡೋಣವಾ?" ಎಂದೆ.

"ಇನ್ನೂ ಸ್ವಲ್ಪ ಹೊತ್ತು" ಎಂದಳು.