ಆಫೀಸಿನ ಸದ್ದು

ಬ್ರಿಸ್ಬೇನಿನಿಂದ ದೂರದ ಗಣಿ ಊರು ಮೊರಂಬಾದಲ್ಲಿ ಹಗಲು ಹೊತ್ತು ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಬೀದಿಯ ಅರ್ಧಕ್ಕರ್ಧ ಮನೆಗಳಲ್ಲಿ ಮಲಗುವ ಕೋಣೆಯ ಕಿಟಕಿಗೆ ಬೆಳಕು ಬಾರದಂತೆ ಫಾಯಿಲ್ ಹಾಳೆ ಅಂಟಿಸಿರುತ್ತಾರೆ. ಒಳಗೆ ಕಲ್ಲಿದ್ದಲ ಗಣಿಯ ರಾತ್ರಿ ಪಾಳಿ ಮುಗಿಸಿ ಬಂದವರು ನಡುಹಗಲನ್ನೇ ನಡುರಾತ್ರಿ ಮಾಡಿಕೊಂಡು ಮಲಗಿರುತ್ತಾರೆ. ಆ ಊರಿನಲ್ಲಿ ಬೇಲಿಯಾಚೆಯಿಂದ ಗೇಲಿ ಮಾಡುವವರು ಕೂಡ ದನಿ ತಗ್ಗಿಸಿಯೇ ಗೇಲಿ ಮಾಡುತ್ತಾರೆ.

ರೋವನ್‌ನ ಮನೆಯಲ್ಲಿ ಹಾಗೆ ಮಲಗುವವಳು ಅವನ ಹೆಂಡತಿ ಬ್ರೋನ್ವಿನ್. ಗಣಿಯಲ್ಲಿ ಮನೆಯಷ್ಟೆತ್ತರದ ಲಾರಿ ಓಡಿಸುತ್ತಾಳೆ. ಮಗಳು ಎಲ್ಸಿ ಹುಟ್ಟಿದಾಗ, ಹೆಚ್ಚು ಸಂಬಳ ತರುವವರು ಹೊರಗೆ ದುಡಿಯುವುದು, ಇನ್ನೊಬ್ಬರು ಮನೆಯಲ್ಲಿರುವುದು ಎಂದು ಇಬ್ಬರೂ ಒಪ್ಪಿದ್ದರು. ಒಪ್ಪುವುದು ಸುಲಭವಿತ್ತು. ಈಗ ಎಲ್ಸಿಗೆ ನಾಲ್ಕು ತುಂಬುತ್ತಿದೆ. ಸಂಜೆ ಬ್ರೋನ್ವಿನ್ ಬೂಟು ಕಟ್ಟಿಕೊಳ್ಳುವಾಗ ರೋವನ್ ಊಟದ ಡಬ್ಬಿ ಕೈಗಿಡುತ್ತಾನೆ; ಬೆಳಿಗ್ಗೆ ಅವಳು ಖಾಲಿ ಡಬ್ಬಿ ಅವನ ಕೈಗಿಟ್ಟು ಮಲಗಲು ಹೋಗುತ್ತಾಳೆ. ಇಬ್ಬರ ನಡುವಿನ ಮಾತೆಲ್ಲ ಆ ಡಬ್ಬಿಯಷ್ಟೇ ಆಗಿಬಿಟ್ಟಿತ್ತು.

ಹೀಗಿರುವಾಗ ರೋವನ್‌ಗೆ ಒಂದು ಫೋನಿನ ಕೆಲಸ ಸಿಕ್ಕಿತು. ಬ್ರಿಸ್ಬೇನಿನ ಒಂದು ನಲ್ಲಿ ರಿಪೇರಿ ಕಂಪನಿಗೆ ಬರುವ ಕರೆಗಳನ್ನು ಮಧ್ಯಾಹ್ನದ ಹೊತ್ತು ಮನೆಯಿಂದಲೇ ತೆಗೆದುಕೊಳ್ಳುವುದು. ಬರುವ ಹಣ ಇಲ್ಲದಿದ್ದರೂ ಮನೆ ನಡೆಯುತ್ತಿತ್ತು. ಆದರೆ ಆ ಕೆಲಸ ಹಿಡಿದ ಮೇಲೆ ಅವನಿಗೆ ದಿನಕ್ಕೆ ನಾಲ್ಕು ಜನ ದೊಡ್ಡವರ ದನಿ ಕೇಳುವಂತಾಯಿತು. ಅದನ್ನು ಮಾತ್ರ ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಷರತ್ತು ಒಂದೇ. ಕರೆ ಮಾಡಿದವರಿಗೆ ತಾವು ಬ್ರಿಸ್ಬೇನಿನ ಆಫೀಸಿನೊಡನೆ ಮಾತಾಡುತ್ತಿದ್ದೇವೆ ಎನಿಸಬೇಕು. ಅದಕ್ಕೆಂದೇ ಕಂಪನಿಯವರು ಒಂದು ಧ್ವನಿಮುದ್ರಿಕೆ ಕಳಿಸಿದ್ದರು. ಕೀಲಿಮಣೆ ಕುಟ್ಟುವ ಸದ್ದು, ದೂರದಲ್ಲೆಲ್ಲೋ ಫೋನು, ಕುರ್ಚಿ ಎಳೆದದ್ದು, ಒಬ್ಬ ಹೆಂಗಸಿನ ನಗು. ಹಿತ್ತಿಲ ಕಡೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ವಾಷಿಂಗ್ ಮಷೀನಿನ ಮೇಲೆ ಸಣ್ಣ ಸ್ಪೀಕರಿನಲ್ಲಿ ಅದನ್ನು ಹಾಕಿಕೊಂಡು ರೋವನ್ ಕೂರುತ್ತಿದ್ದ. ಆ ಹೆಂಗಸು ನಕ್ಕ ಮೇಲೆ ಯಾರೋ ಕಾಫಿ ಕಪ್ಪು ಕೆಳಗಿಡುತ್ತಾರೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಕೆಲವು ದಿನ ಕೆಲಸ ಮುಗಿದ ಮೇಲೂ ಆರಿಸದೆ, ಆ ನಗು ಇನ್ನೊಮ್ಮೆ ಬರಲಿ ಎಂದು ಬಟ್ಟೆ ಮಡಚುತ್ತಾ ನಿಲ್ಲುತ್ತಿದ್ದ.

ಎಲ್ಸಿಗೆ ಅವನು ಮೀನಿನ ಆಟ ಕಲಿಸಿದ್ದ. ಆಫೀಸಿನ ಸದ್ದು ಶುರುವಾಯಿತೆಂದರೆ ಇಬ್ಬರೂ ಮೀನು. ಮೀನು ಬಾಯಿ ತೆರೆಯಬಹುದು, ಸದ್ದು ಮಾಡಬಾರದು. ಮೊದಮೊದಲು ಅವಳು ಸೋಲುತ್ತಿದ್ದಳು. ಒಮ್ಮೆ ಅವಳ ಹಾಡು, ಇನ್ನೊಮ್ಮೆ ಜಾಲರಿ ಬಾಗಿಲು ಸ್ಪ್ರಿಂಗಿನ ಎಳೆತಕ್ಕೆ ದಢಾರೆಂದು ಬಡಿದ ಸದ್ದು ಕರೆಯಲ್ಲಿ ಸೇರಿಹೋಯಿತು. ಕಂಪನಿಯ ಮೇಲಧಿಕಾರಿ ಲೊರೇನ್ ಫೋನು ಮಾಡಿದಳು. "ಎಲ್ಲ ಕರೆನೂ ರೆಕಾರ್ಡ್ ಆಗುತ್ತೆ ಅಂತ ಗೊತ್ತಲ್ಲ ರೋವನ್. ಇನ್ನೊಂದ್ಸಲ ಹೀಗಾದ್ರೆ ನಿನ್ ಕೆಲಸ ಉಳಿಸೋದು ನನ್ ಕೈಲಿಲ್ಲ."

ಆಮೇಲೆ ಎಲ್ಸಿ ಸೋಲಲಿಲ್ಲ. ಅವಳ ಹೆಜ್ಜೆ ಹಗುರಾಯಿತು, ಮಾತು ಪಿಸುಮಾತಾಯಿತು. ಪಕ್ಕದ ಮನೆಯ ಡೆಂಜಿಲ್, ಗಣಿಯಿಂದ ನಿವೃತ್ತನಾದ ಮುದುಕ, ಒಂದು ಸಂಜೆ ಬೇಲಿಗೆ ಒರಗಿ ರೋವನ್‌ನನ್ನು ಗೇಲಿ ಮಾಡಿದ.

"ಏನಮ್ಮಾ ಸೆಕ್ರೆಟರಿ, ಆಫೀಸು ಬಿಡ್ತಾ?"

"ಬಿಡ್ತು ಮಾರಾಯ. ಬಸ್ಸು ಸಿಗ್ಲಿಲ್ಲ, ನಡ್ಕೊಂಡೇ ಬಂದೆ."

"ಅದ್ಸರಿ, ಮಗಳನ್ನ ಅಜ್ಜಿ ಮನೆಗೆ ಕಳ್ಸಿದೀಯಾ? ವಾರದಿಂದ ಸುಳಿವೇ ಇಲ್ಲ."

ಎಲ್ಸಿ ಅಲ್ಲೇ, ರೋವನ್‌ನ ಕಾಲ ಬಳಿ ಮಣ್ಣಿನಲ್ಲಿ ಆಡುತ್ತಿದ್ದಳು. ಡೆಂಜಿಲ್ ಬಗ್ಗಿ ನೋಡಿ ನಕ್ಕ. ರೋವನ್ ಕೂಡ ನಕ್ಕ. ಆ ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಉಳಿಯಿತು.

ಮರುದಿನ ಮಧ್ಯಾಹ್ನ ಮಿಸೆಸ್ ಪೆಟ್ರಿ ಎಂಬಾಕೆಯ ಕರೆ ಬಂತು. ಬಚ್ಚಲ ನೀರು ಕಟ್ಟಿದೆಯಂತೆ. ಅದನ್ನು ಹೇಳಿ ಮುಗಿದ ಮೇಲೂ ಆಕೆಗೆ ಫೋನು ಇಡುವ ಮನಸ್ಸಿರಲಿಲ್ಲ.

"ನಿಮ್ ಕಡೆನೂ ಮಳೆನಾಪ್ಪಾ?"

"ಹೌದಮ್ಮಾ, ಬೆಳಿಗ್ಗೆಯಿಂದ ಬಿಟ್ಟೇ ಇಲ್ಲ," ಎಂದ ರೋವನ್, ಹಿತ್ತಿಲ ಸುಡುಬಿಸಿಲು ನೋಡುತ್ತಾ.

ಅಷ್ಟರಲ್ಲಿ ಎಲ್ಸಿ ಬೊಂಬೆ ಹಿಡಿದು ಹಿತ್ತಿಲಿನಿಂದ ಒಳಗೆ ಬಂದಳು. ಅವಳ ಹಿಂದೆ ಜಾಲರಿ ಬಾಗಿಲು ತಿರುಗಿ ಬಂತು. ರೋವನ್ ಕಣ್ಣು ಮುಚ್ಚಿದ. ದಢಾರೆಂಬ ಸದ್ದು ಬರಲಿಲ್ಲ. ಕಣ್ಣು ತೆರೆದಾಗ ಎಲ್ಸಿ ಬಾಗಿಲಿನ ಸಂದಿಯಲ್ಲಿ ಕೈಯಿಟ್ಟು ನಿಂತಿದ್ದಳು. ಬಾಗಿಲು ಬಡಿಯಬಾರದೆಂದು ತಾನೇ ಕೈ ಕೊಟ್ಟಿದ್ದಳು. ಬಾಯಿ ಅಗಲಕ್ಕೆ ತೆರೆದಿತ್ತು. ಕಣ್ಣೀರು ಗಲ್ಲದಿಂದ ಬೊಂಬೆಯ ತಲೆಗೆ ತೊಟ್ಟಿಕ್ಕುತ್ತಿತ್ತು. ಸದ್ದಿಲ್ಲ. ಸ್ಪೀಕರಿನಲ್ಲಿ ಆ ಹೆಂಗಸು ನಕ್ಕಳು. ಯಾರೋ ಕಪ್ಪು ಕೆಳಗಿಟ್ಟರು.

ರೋವನ್ ಎದ್ದು ಬಾಗಿಲು ಬಿಡಿಸಿದ. ಎರಡು ಬೆರಳು ಕೆಂಪಾಗಿ ಊದುತ್ತಿದ್ದವು. ಮಡಿಸಿ ನೋಡಿದ, ಮುರಿದಿರಲಿಲ್ಲ. ಆಮೇಲೆ ಕೈ ಚಾಚಿ ಸ್ಪೀಕರನ್ನು ಆರಿಸಿದ.

"ಇದೇನಪ್ಪಾ," ಎಂದಳು ಮಿಸೆಸ್ ಪೆಟ್ರಿ, "ಆಫೀಸಿನೋರೆಲ್ಲ ಎದ್ದು ಹೋದ್ರಾ?"

ಏನಾದರೊಂದು ಹೇಳಬಹುದಿತ್ತು. ಮಳೆಯ ಸುಳ್ಳು ಹೇಳಿದ ನಾಲಿಗೆಗೆ ಇನ್ನೊಂದು ಹೊರೆಯಾಗುತ್ತಿರಲಿಲ್ಲ.

"ಇಲ್ಲಿ ಯಾರೂ ಇರ್ಲೇ ಇಲ್ಲಮ್ಮಾ. ನಾನು, ನನ್ ಮಗಳು, ಅಷ್ಟೇ. ಮನೆಯಿಂದ ಮಾತಾಡ್ತಿದೀನಿ. ಮಗೂಗೆ ಪೆಟ್ಟಾಗಿದೆ."

"ಮತ್ತೆ ನನ್ ಹತ್ರ ಯಾಕಪ್ಪ ಮಾತಾಡ್ತಾ ಕೂತಿದೀಯಾ? ಇಡು ಫೋನು," ಎಂದು ಆಕೆಯೇ ಇಟ್ಟಳು.

"ಆಫೀಸು ಮುಗೀತು ಚಿನ್ನಾ. ಈಗ ಅಳು," ಎಂದ ರೋವನ್.

ಎಲ್ಸಿ ನೋವಿಲ್ಲದ ಕೈಯೆತ್ತಿ ಮಲಗುವ ಕೋಣೆಯ ಕಡೆ ತೋರಿಸಿದಳು. ಬ್ರೋನ್ವಿನ್ ನಿದ್ದೆಗೆಟ್ಟು ಲಾರಿ ಹತ್ತಿದರೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು.

ಐಸಿನ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, ಕಾರಿನಲ್ಲಿ ಕೂರಿಸಿಕೊಂಡು ಊರಾಚೆ ಹೊರಟ. ರೈಲು ಹಳಿ ದಾಟುವಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕಾರು ನಿಲ್ಲಿಸಿ, ಇಳಿದು, ಅವಳನ್ನು ಎತ್ತಿಕೊಂಡು ನಿಂತ. ಕಲ್ಲಿದ್ದಲ ರೈಲು ಭೂಮಿ ನಡುಗಿಸುತ್ತಾ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲವೆನ್ನುವಂತೆ. ಎಲ್ಸಿಯ ಬಾಯಿ ತೆರೆಯಿತು, ಕತ್ತಿನ ನರ ಉಬ್ಬಿತು, ಮೈಯೆಲ್ಲ ಅದುರಿತು. ಅವಳು ಅಳುತ್ತಿದ್ದಾಳೋ ಇದೂ ಮೀನಿನ ಆಟವೋ, ಆ ಗದ್ದಲದಲ್ಲಿ ಅವನಿಗೆ ತಿಳಿಯಲಿಲ್ಲ.

ಕೊನೆಯ ಡಬ್ಬಿ ದಾಟಿದ ಕೂಡಲೇ ಅವಳ ಬಾಯಿ ಮುಚ್ಚಿಕೊಂಡಿತು.

"ಇನ್ನೊಂದು ರೈಲು ಬರುತ್ತಾ ಅಪ್ಪಾ?" ಪಿಸುಗುಟ್ಟಿದಳು.

"ರೈಲು ಬೇಡ ಪುಟ್ಟಾ. ಹಾಗೇ ಅಳಬಹುದು."

ಅವಳು ಸುತ್ತ ನೋಡಿದಳು. ಒಣಹುಲ್ಲು, ತಂತಿಬೇಲಿ, ಹಳಿ.

"ಇಲ್ಲಿ ಯಾರು ಮಲಗಿದಾರೆ?"

"ಯಾರೂ ಇಲ್ಲ."

ಅವನ ಜೇಬಿನಲ್ಲಿ ಫೋನು ಅದುರತೊಡಗಿತು. ಲೊರೇನ್ ಇರಬೇಕು. ಅವನು ಕೈ ಹಾಕಲಿಲ್ಲ. ಎಲ್ಸಿ ಅವನ ಮುಖವನ್ನೇ ನೋಡುತ್ತಾ, ನಂಬಬಹುದೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಗಂಟಲಿನಲ್ಲೇ ಒಂದು ಸಣ್ಣ ಸದ್ದು ಮಾಡಿ ನೋಡಿದಳು.