ಕೆಂಪು ಗೆರೆಯಿಂದ ಎಂಟನೇ ಒಂದು ಸುತ್ತು

"ಮುಟ್ಟಬೇಡ ಅಂತ ಅವನು ಹೇಳಿದ್ದು ಒಂದೇ ಒಂದು ಸಾಮಾನು. ನೀನು ಅದನ್ನೇ ಹುಡುಕಿ ತೊಳ್ದಿದೀಯಲ್ಲೋ" ಎಂದರು ಅತ್ತೆ ನೋಲೀನ್, ಚೀಸ್ ರೋಲ್‌ಗಳ ತಟ್ಟೆ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತು.

ಅಳಿಯ ಬ್ರೆಂಡನ್ ಎಣ್ಣೆಬಟ್ಟೆಯನ್ನು ಹಿಂಡುತ್ತಾ ಕುಳಿತಿದ್ದ. ಅವನ ಮುಂದೆ, ಹಳೆಯ ಪತ್ರಿಕೆಯ ಮೇಲೆ, ಮಾವನ ಡೈ, ತೋಟೆಗಳನ್ನು ಅಳತೆಗಿಳಿಸುವ ಉಕ್ಕಿನ ಅಚ್ಚು, ಮದುವೆಮನೆಯ ಬೆಳ್ಳಿಲೋಟದ ಹಾಗೆ ಥಳಥಳ ಹೊಳೆಯುತ್ತಿತ್ತು.

ತಪ್ಪು ಅವನದೆನ್ನುವುದಕ್ಕಿಂತ ಅವನ ಕಸುಬಿನದು. ಲಮ್ಸ್‌ಡನ್ ಊರಿನಲ್ಲಿ ಬೇಕರಿ ಇಟ್ಟವನು; ಕಂಡದ್ದನ್ನೆಲ್ಲ ಬಿಚ್ಚಿ ತೊಳೆದಿಡದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಾವ ಮರ್ಡಾಕ್ ಬೆಳಿಗ್ಗೆ ಕುರಿ ಹರಾಜಿಗೆ ಹೊರಡುವ ಮೊದಲು ಅರವತ್ತು ಖಾಲಿ ತೋಟೆಗಳನ್ನು ಸುರಿದು, ಒಂದೊಂದನ್ನೂ ಮೇಜಿಗೆ ಬಿಗಿದ ಪ್ರೆಸ್ಸಿಗೆ ಕೊಟ್ಟು ಹಿಡಿ ಎಳೆಯುವುದಷ್ಟೇ ನಿನ್ನ ಕೆಲಸ ಎಂದಿದ್ದರು. ಹಾರಿಸಿದ ತೋಟೆ ಕೋವಿಯೊಳಗೆ ಉಬ್ಬಿರುತ್ತದೆ. ಡೈಯೊಳಗೆ ಹೊಕ್ಕು ಬಂದರೆ ಮೈ ಇಳಿಸಿಕೊಂಡು ಮತ್ತೆ ಬಳಕೆಗೆ ಬರುತ್ತದೆ. ಎಷ್ಟು ಇಳಿಯಬೇಕೆನ್ನುವುದು ಡೈಯನ್ನು ಪ್ರೆಸ್ಸಿನಲ್ಲಿ ಎಷ್ಟು ಆಳಕ್ಕೆ ತಿರುಗಿಸಿ ಕೂರಿಸಿದ್ದೀರಿ ಎನ್ನುವುದರ ಮೇಲೆ. ಮದ್ದು, ಗುಂಡು ತುಂಬುವುದು ಆಮೇಲಿನ ಮಾತು. ಅದನ್ನು ಮರ್ಡಾಕ್ ಇನ್ನೊಬ್ಬರ ಕೈಗೆ ಬಿಡುವವರಲ್ಲ. ಡೈ ಕದಲಬಾರದೆಂದು ಅದಕ್ಕೂ ಪ್ರೆಸ್ಸಿಗೂ ಸೇರಿಸಿ ಕೆಂಪು ಉಗುರುಬಣ್ಣದಲ್ಲಿ ಒಂದು ಗೆರೆ ಬೇರೆ ಇತ್ತು.

ಗೆರೆ ನೋಡಿಯೂ ಬ್ರೆಂಡನ್ ಬಿಚ್ಚಿದ್ದ. ಒಳಗೆ ಅಷ್ಟು ಕೊಳೆ ಇತ್ತು.

ಅವನ ಹೆದರಿಕೆಗೆ ಕಾರಣ ಜಗಲಿಯಲ್ಲಿತ್ತು. ಏಪ್ರಿಲ್‌ನಲ್ಲಿ ಗಂಡುಜಿಂಕೆಗಳು ಕೂಗಲು ಶುರುಮಾಡಿದರೆ ಮರ್ಡಾಕ್ ಮತ್ತು ಗೆಳೆಯರು ಹತ್ತು ದಿನ ಬೇಟೆಗೆಂದು ಬೆಟ್ಟದ ಗುಡಿಸಲು ಸೇರುತ್ತಾರೆ. ಅದಕ್ಕೆ ಒಯ್ಯುವ ಪೆಟ್ಟಿಗೆಯಲ್ಲಿ ತಲೆಗೊಂದರಂತೆ ತಗಡಿನ ಮಗ್ಗು. ಈ ಸಲ ನಾಲ್ಕೇ ಇದ್ದವು. ಐದನೆಯವನು ಮಗಳ ಮನೆಗೆ ವಲಸೆ ಹೋಗಿದ್ದ, ಅವನ ಮಂಚ ಖಾಲಿ. ಐದನೆಯ ಮಗ್ಗು ತನ್ನ ಪಾಲಿಗೆ ಬಂದೀತೇ ಎಂದು ಬ್ರೆಂಡನ್ ಎರಡು ವಾರದಿಂದ ಜಗಲಿ ದಾಟುವಾಗೆಲ್ಲ ಎಣಿಸುತ್ತಿದ್ದ. ಮುಂದಿನ ವರ್ಷ ನೋಡೋಣ ಎನ್ನುವಂತೆಯೂ ಇರಲಿಲ್ಲ. ತೋಟೆಯನ್ನು ಒಳಗೆ ಕೂರಿಸುವ ಕೋವಿಯ ಬೋಲ್ಟು ಮುಚ್ಚುವುದಕ್ಕೂ, ಎಷ್ಟು ಮುಲಾಮು ತಿಕ್ಕಿದರೂ, ಮಣಿಕಟ್ಟಿನಲ್ಲಿ ಕಸುವಿಲ್ಲ, ಇದೇ ಕೊನೆಯ ಬೇಟೆ ಎಂದು ಮರ್ಡಾಕ್ ಸಾರಿಯಾಗಿತ್ತು. ಹೋದ ವರ್ಷ ಎರಡನೇ ತೋಟೆ ಏರಿಸಿ ಬೋಲ್ಟನ್ನು ಅಂಗೈಯಿಂದ ಗುದ್ದುತ್ತಿರುವಾಗಲೇ ಹನ್ನೆರಡು ಕವಲಿನ ಕೊಂಬಿನ ಜಿಂಕೆ ತೊರೆ ದಾಟಿ, ತಿರುಗಿ ನೋಡಿ, ಹೋಗಿತ್ತು. ತಿರುಗಿ ನೋಡಿದ್ದೇ ಅವರಿಗೆ ಹೆಚ್ಚು ನೋವು.

"ಗೆರೆಗೆ ಗೆರೆ ಕೂಡಿಸಿಬಿಡು. ಅವನು ಬರೋದು ಮೂರು ಗಂಟೆಗೆ" ಎಂದು ನೋಲೀನ್ ಉಪಾಯ ಹೇಳಿಕೊಟ್ಟರು. ಅವರಿಗೂ ಕೋವಿ ಲೈಸೆನ್ಸ್ ಇತ್ತು. ತೋಟೆ ಹೊಂದುತ್ತದೋ ನೋಡಲೆಂದು ಬೀರು ತೆಗೆದು ಗಂಡನ ಕೋವಿಯನ್ನೂ ತಂದುಕೊಟ್ಟರು.

ಬ್ರೆಂಡನ್ ಡೈ ತಿರುಗಿಸಿ ಗೆರೆ ಕೂಡಿಸಿದ. ಎಲ್ಲಿ ಸೋಕುತ್ತದೆಂದು ತಿಳಿಯಲು ಒಂದು ಖಾಲಿ ತೋಟೆಯ ಹೆಗಲಿಗೆ, ಕತ್ತಿನ ಕೆಳಗಿನ ಇಳಿಜಾರಿಗೆ, ಕಪ್ಪು ಶಾಯಿ ಹಚ್ಚಿ, ಡೈಗೆ ಕೊಟ್ಟು ತೆಗೆದು, ಕೋವಿಗಿಟ್ಟು ಬೋಲ್ಟು ಒತ್ತಿದ. ಬಿಗಿ. ಮಾವ ಗುದ್ದುವ ಹಾಗೆಯೇ ಗುದ್ದಬೇಕಾಯಿತು. ಅಂದರೆ ಡೈ ಮೊದಲಿದ್ದ ಜಾಗಕ್ಕೇ ಬಂದಿದೆ, ಬಚಾವಾದೆ ಎಂದುಕೊಂಡ. ಆದರೆ ತೋಟೆ ಹೊರತೆಗೆದು ನೋಡಿದರೆ ಹೆಗಲಿನ ಮೇಲೆ ಡೈ ಸೋಕಿದ ಗುರುತೇ ಇಲ್ಲ. ಕೋವಿ ಒತ್ತಿದ ಕಡೆ ಮಾತ್ರ ಶಾಯಿ ಅಳಿಸಿತ್ತು; ಗೆರೆಗಿಟ್ಟ ಡೈ ಹೆಗಲನ್ನು ಇಳಿಸಿಯೇ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಿಟ್ಟು ಸರಿಯಾಗಿ ಉಬ್ಬಿಲ್ಲವೆಂದು ಗೊತ್ತಿದ್ದೂ ಒಲೆಗೆ ಹಾಕುವ ಜಾತಿಯವನಲ್ಲ ಅವನು. ಡೈಯನ್ನು ಕೂದಲೆಳೆಯಷ್ಟು ಕೆಳಕ್ಕೆ ತಿರುಗಿಸಿದ, ಹಿಡಿ ಎಳೆದ, ಬೋಲ್ಟು ಒತ್ತಿದ. ಇನ್ನೊಂದು ಕೂದಲೆಳೆ. ಮತ್ತೊಂದು. ಗೆರೆ ದಾಟಿ ಎಂಟನೇ ಒಂದು ಸುತ್ತು ಹೋಗುವಷ್ಟರಲ್ಲಿ ಬೋಲ್ಟು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು.

"ಈ ಗೆರೆಯೇ ತಪ್ಪಿದೆ" ಎಂದ.

ನೋಲೀನ್ ಕೈಯಲ್ಲಿದ್ದ ರೋಲನ್ನು ತಟ್ಟೆಗೆ ಹಿಂದಿಟ್ಟರು. ಹನ್ನೆರಡು ವರ್ಷದ ಹಿಂದೆ ಇದೇ ಮೇಜಿಗೆ ಬಣ್ಣ ಹೊಡೆಯಲು ಪ್ರೆಸ್ಸು, ಡೈ ಎಲ್ಲ ತಾನೇ ಬಿಚ್ಚಿದ್ದೆ, ಟರ್ಪೆಂಟೈನ್ ಬಿದ್ದು ಹಳೆಯ ಗೆರೆ ಅಳಿಸಿಹೋಗಿತ್ತು, ಕಣ್ಣಳತೆಯಲ್ಲಿ ಕೂರಿಸಿ ಹೊಸ ಗೆರೆ ಎಳೆದಿದ್ದೆ ಎಂದು ಮೆಲ್ಲಗೆ ಬಾಯಿಬಿಟ್ಟರು.

"ಅವನಿಗೆ ಹೇಳ್ಲಿಲ್ಲ. ಮೇಜಿನ ಬಣ್ಣ ಚೆನ್ನಾಗಿದೆ ಅಂತ ಹೊಗಳಿದ, ಸುಮ್ಮನಾಗ್ಬಿಟ್ಟೆ."

ಮೂರಕ್ಕೆ ಸರಿಯಾಗಿ ಮರ್ಡಾಕ್ ಬಂದರು. ಅರವತ್ತು ತೋಟೆಗಳು ಸಾಲಾಗಿ ನಿಂತಿದ್ದವು. ಒಂದನ್ನು ಎತ್ತಿ ಕೋವಿಗಿಟ್ಟು, ಎಂದಿನಂತೆ ಅಂಗೈ ಮೇಲೆತ್ತಿ ಬೋಲ್ಟಿಗೆ ಗುದ್ದಿದರು. ಬೋಲ್ಟು ಎದುರಾಡದೆ ಕೂತಿತು. ಕೈ ಜಾರಿ ಮೇಜಿಗೆ ಬಡಿದು ಚೀಸ್ ರೋಲ್‌ಗಳು ತಟ್ಟೆಯಲ್ಲಿ ನೆಗೆದವು. ಎರಡನೆಯ ತೋಟೆಗೆ ಒಂದೇ ಬೆರಳು ಸಾಕಾಯಿತು. ಮೂರನೆಯದಕ್ಕೂ ಅಷ್ಟೇ. ಮರ್ಡಾಕ್ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ನೋಲೀನ್, ಆ ಮುಲಾಮು ಕೊನೆಗೂ ಹಿಡೀತು ಕಣೇ."

ಬ್ರೆಂಡನ್‌ಗೆ ಜಗಲಿಯ ನಾಲ್ಕು ಮಗ್ಗುಗಳು ಕಣ್ಣಮುಂದೆ ಬಂದವು. ಸುಮ್ಮನಿದ್ದರೆ ಎಲ್ಲ ಸುಸೂತ್ರ. ಆದರೆ ಡೈ ಕದಲಿದ್ದು ನಾಳೆ ಮದ್ದು ತುಂಬುವವರಿಗೆ ಗೊತ್ತಿರದಿದ್ದರೆ ಹೇಗೆ?

"ಮುಲಾಮು ಅಲ್ಲ ಮಾವ. ನಾನು ಡೈ ಬಿಚ್ಚಿ ತೊಳೆದೆ. ಗೆರೆಯಿಂದ ಎಂಟನೇ ಒಂದು ಸುತ್ತು ಕೆಳಗಿಟ್ಟಿದೀನಿ."

ಮರ್ಡಾಕ್ ಹುಬ್ಬು ಗಂಟಿಕ್ಕುವ ಮೊದಲೇ ನೋಲೀನ್ ನಡುವೆ ಬಂದು, ಬಣ್ಣ ಹೊಡೆದ ಕಥೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಮುಗಿಸಿದರು. ಮರ್ಡಾಕ್ ಮೇಜನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಮತ್ತೆ ಕೈಯನ್ನು ನೋಡಿಕೊಂಡರು.

"ಅಂದ್ರೆ ನನಗೆ ವಯಸ್ಸಾಗಿಲ್ಲ?"

"ಆಗಿದೆ. ಕೈಗೆ ಮಾತ್ರ ಆಗಿಲ್ಲ" ಎಂದರು ನೋಲೀನ್.

"ಹನ್ನೆರಡು ವರ್ಷ ಆ ಮುಲಾಮಿನ ನಾತಕ್ಕೆ ನಾಯಿ ಕೂಡ ಹತ್ರ ಬಂದಿಲ್ಲ ಕಣೇ." ನಗು ತಡೆಯಲು ಮೀಸೆ ಕಚ್ಚಿಕೊಂಡು ಅಳಿಯನ ಕಡೆ ತಿರುಗಿದರು. "ಏಯ್ ಬೇಕರಿ, ಹೇಳಿದ ಮಾತು ಕೇಳದವನನ್ನ ಗುಡಿಸಲಿಗೆ ಹೇಗೆ ಕರ್ಕೊಂಡ್ಹೋಗ್ಲಿ?"

"ಪಾತ್ರೆ ತೊಳೀತೀನಿ ಮಾವ. ಹತ್ತು ದಿನಾನೂ."

"ಎಲ್ಲಾ ತೊಳಿ. ಟೀ ಕೆಟಲ್ ಒಂದು ಮುಟ್ಟಬೇಡ. ಮೂವತ್ತು ವರ್ಷದ ಕರೆ ಇದೆ ಅದರಲ್ಲಿ, ರುಚಿ ಇರೋದೇ ಅಲ್ಲಿ."

ಮರ್ಡಾಕ್ ಒಂದು ಚೀಸ್ ರೋಲ್ ಬಾಯಿಗಿಟ್ಟುಕೊಂಡು ಮನೆಯತ್ತ ನಡೆದರು. ಸ್ವಲ್ಪ ಹೊತ್ತಿಗೆ ಜಗಲಿಯ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ತಗಡಿಗೆ ತಗಡು ತಾಕಿ ಠಣ್ ಎಂದಿತು.