ಕೆರೆಯ ಮದುವೆ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ವಜೀರ್ ಸಾಬರ ಶಾಮಿಯಾನ ಅಂಗಡಿ. ಸುತ್ತಮುತ್ತ ಯಾರ ಮನೆಯ ಮದುವೆಯಾಗಲಿ, ಚಪ್ಪರದ ಬಟ್ಟೆ, ಊಟದ ಟೇಬಲ್ಲು, ಅಂಗಳಕ್ಕೆ ಬೆಳಕು ಹೋಗುವುದು ಅಲ್ಲಿಂದಲೇ. ಬುಕಿಂಗ್ ಫೋನು ಎತ್ತುವುದು ಮಗಳು ತರನ್ನುಮ್‌ಳ ಕೆಲಸ. ಅಜ್ಜಿ ಸೈದಾನಿ ಬಿಯ ಮಗ್ಗುಲಲ್ಲಿ ಕಥೆ ಕೇಳುತ್ತಾ ಬೆಳೆದ ಹುಡುಗಿ ಅವಳು. ಫೋನಿನ ಆ ಕಡೆಯವರು 'ಮದುವೆ' ಅಂದರೆ ಸಾಕು, ಮದುಮಗಳ ಸೆರಗು ಯಾವ ಬಣ್ಣ, ಕಳಿಸಿಕೊಡುವಾಗ ಯಾರು ಯಾರು ಅಳುತ್ತಾರೆ ಎಲ್ಲವೂ ಕಣ್ಣಮುಂದೆ ಬಂದುಬಿಡುತ್ತಿತ್ತು.

"ಮೊದ್ಲು ಅಡ್ರೆಸ್ ಬರ್ಕೊಳ್ಳೇ, ಆಮೇಲೆ ಅಳೋದು," ಎಂದು ಅಬ್ಬಾ ಗದರುತ್ತಿದ್ದರು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ. ಅಬ್ಬಾ ಕಡೂರಿಗೆ ಹೋಗಿದ್ದರು. ಫೋನು ಬಂತು.

"ಹೊಸಕಟ್ಟೆ ಕೆರೆ ಏರಿ ಹತ್ರ ಮದುವೆ ಐತೆ ಕಣಮ್ಮಾ. ಆರು ಫೋಕಸ್ ಲೈಟು, ಒಂದು ಜನರೇಟ್ರು. ಯಾವಾಗ್ಲೂ ಸಾಬ್ರೇ ಮಾತಾಡೋದು, ಅವ್ರಿಗೆ ಗೊತ್ತು, ಕಳ್ಸು."

ಕೆರೆ ಏರಿಯ ಮೇಲೆ ಮದುವೆ! ನೀರಿನಲ್ಲೂ ಒಂದು ಚಪ್ಪರ, ನೀರಿನಲ್ಲೂ ಒಬ್ಬ ಮದುಮಗಳು ಕಾಣುತ್ತಾಳಲ್ಲ ಎಂದು ತರನ್ನುಮ್ ಹಿಗ್ಗಿದಳು. ಬರೀ ಲೈಟು ಕಳಿಸುವುದು ಜಿಪುಣತನ ಅನ್ನಿಸಿತು. ಹೂವಿನ ಕಮಾನು, ಕೆಂಪು ಮಖಮಲ್ಲಿನ ಜೋಡಿ ಕುರ್ಚಿ ತಾನಾಗಿಯೇ ಲಗೇಜ್ ಆಟೋಗೆ ಹಾಕಿಸಿ, ಹೆಣ್ಣನ್ನು ನೋಡುವ ಆಸೆಗೆ ತಾನೂ ಹತ್ತಿ ಕೂತಳು.

ಸಂಜೆಯ ಹೊತ್ತು. ಏರಿಯ ಕೆಳಗೆ ಏಳೆಂಟು ಗಂಡಸರು, ರಾಶಿ ಬಲೆ, ಸಾಲಾಗಿ ಐಸ್ ಪೆಟ್ಟಿಗೆಗಳು. ಕಮಾನು ಇಳಿಸಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೆಣ್ಣು ಎಲ್ಲಣ್ಣಾ?" ಎಂದಳು ತರನ್ನುಮ್, ಪೆಚ್ಚಾಗಿ.

"ನೀರೊಳಗವ್ಳೆ ಕಣಮ್ಮಾ! ದೀಪ ಹಚ್ಚು, ತಾನೇ ಎದ್ದು ಬತ್ತಾಳೆ."

ಕೆರೆಯ ಗುತ್ತಿಗೆ ಹಿಡಿದಿದ್ದ ಬಸವರಾಜಪ್ಪ ಮಖಮಲ್ಲಿನ ಕುರ್ಚಿಯಲ್ಲಿ ಆರಾಮಾಗಿ ಕೂತು ವಿವರಿಸಿದರು. ರಾತ್ರಿ ದೀಪ ಹಾಕಿ ಮೀನು ಹಿಡಿಯುವುದಕ್ಕೆ ಅವರ ಕಡೆಯವರು ಇಟ್ಟ ಹೆಸರು ಅದು, ಮದುವೆ. "ಬೆಳಕಿಗೆ ಹುಳ ಬತ್ತವೆ, ಹುಳಕ್ಕೆ ಮರಿ, ಮರಿ ಹಿಂದೆ ದೊಡ್ಡವು. ನೆಂಟ್ರು ಬಂದಂಗೆ ಬತ್ತವೆ. ನಾವು ಬಲೆ ಎತ್ತೋದಷ್ಟೇ."

ಹರಿಗೋಲಿನಲ್ಲಿ ಲೈಟು ಹಿಡಿದು ಕೂತಿದ್ದವನು ಬೀರಯ್ಯ. ತರನ್ನುಮ್‌ಳ ಮನೆಗೆ ಮೀನು ಕೊಡುವ ಹುಲಿಗೆಮ್ಮನ ಗಂಡ. ಸ್ವಂತ ಬಲೆಯಿದ್ದ ಮನುಷ್ಯ. ಎರಡು ವರ್ಷದಿಂದ ಕೆರೆಗೆ ದೀಪ ಬಂದ ಮೇಲೆ ಆ ಬಲೆಗೆ ಪಾಚಿ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಮೀನು ಹಿಡಿಯುತ್ತಿದ್ದವನು ಈಗ ಕೂಲಿಗೆ ದೀಪ ಹಿಡಿಯುತ್ತಿದ್ದ. ತರನ್ನುಮ್‌ಳನ್ನು ಕಂಡು ಮುಖ ಆಚೆ ತಿರುಗಿಸಿದ.

ಮಾರನೆಯ ಬೆಳಿಗ್ಗೆ ಹುಲಿಗೆಮ್ಮ ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಸೈದಾನಿ ಬಿ ಈಳಿಗೆಮಣೆ ಹಾಕಿಕೊಂಡು ಕೂತು ಒಂದು ಗೆಂಡೆ ಮೀನು ಸೀಳಿದರು. ಹೊಟ್ಟೆ ತುಂಬ ತತ್ತಿ. ಇನ್ನೊಂದು ಸೀಳಿದರು. ಅದರಲ್ಲೂ ತತ್ತಿ. ಬುಟ್ಟಿಯ ತಳದಲ್ಲಿ ಉಳಿದದ್ದು ಕಿರುಬೆರಳುದ್ದದ ಮರಿಗಳು.

"ಇದೇನೇ ಹುಲಿಗೆಮ್ಮಾ, ಎಲ್ಲಾ ಬಸುರೀರನ್ನೇ ತಂದಿದೀಯಲ್ಲೇ!"

"ನಾನೇನ್ ಮಾಡ್ಲವ್ವಾ? ದೊಡ್ಡವು ಲಾರಿ ಹತ್ತಿದ್ವು. ನಮಗೆ ಬಿಟ್ಟಿದ್ದು ಇವು." ಹುಲಿಗೆಮ್ಮ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತಳು. "ನಮ್ಮ ಮಾವ ಇದ್ದಾಗ ಮೊದಲ ಮಳೆ ಬಿದ್ದ ದಿನ ಬಲೆ ಅಟ್ಟಕ್ಕೆ ಏರ್ತಿತ್ತು. ಎರಡು ತಿಂಗ್ಳು ಮುಟ್ಟಂಗಿಲ್ಲ. ರಾಗಿ ಹೊಲಕ್ಕೆ ಕಳೆ ಕೀಳಾಕೆ ಹೋಗೀವಿ, ಬಲೆ ಇಳಿಸಿಲ್ಲ. ಈಗ ಮಳೆ ಬಿದ್ರೇನೇ ಜನರೇಟ್ರು ಗುಡುಗ್ತದೆ."

ಅವತ್ತು ಆ ಮನೆಯಲ್ಲಿ ಸಾರು ಆಗಲಿಲ್ಲ. ಸೈದಾನಿ ಬಿ ಆ ಮೀನಿನ ಮೇಲೆ ತಟ್ಟೆ ಬೋರಲು ಹಾಕಿ ಎದ್ದುಹೋದರು.

ತರನ್ನುಮ್ ಅಬ್ಬಾನನ್ನು ಕೇಳಿಯೇ ಬಿಟ್ಟಳು. "ನಮ್ಮ ಲೈಟು ಇಂಥದಕ್ಕೆ ಹೋಗುತ್ತಾ?"

"ನಾವು ಕೊಡೋದು ಬೆಳಕು ಬೇಟಿ. ಬೆಳಕಲ್ಲಿ ನಿಕಾಹ್ ಓದ್ತಾರೋ ಬಲೆ ಎಳೀತಾರೋ, ಅದು ಅವ್ರಿಗೆ ಬಿಟ್ಟಿದ್ದು. ಮದುವೆ ಕಾಲ ಮುಗೀತು. ಮಳೆಗಾಲದಲ್ಲಿ ಈ ಅಂಗಡಿ ಬಾಗಿಲು ತೆಗೆಸೋರು ಅವ್ರೊಬ್ರೇ."

ಆ ಮಾತಿಗೆ ಉತ್ತರ ಎರಡನೇ ವಾರ ಬಂತು, ಬರಬಾರದ ದಾರಿಯಲ್ಲಿ.

ಅವರು ಕಳಿಸುತ್ತಿದ್ದದ್ದು ಚಪ್ಪರದ ವೈರು. ಅಲ್ಲಲ್ಲಿ ಜೋಡಿಸಿ ಕಪ್ಪು ಟೇಪು ಸುತ್ತಿದ್ದು. ಒಣ ಅಂಗಳದಲ್ಲಿ, ಬಿದಿರಿನ ಗಳದ ಮೇಲೆ, ಅದು ಎಷ್ಟೋ ಮದುವೆ ಕಂಡಿತ್ತು. ಹರಿಗೋಲಿನ ಒದ್ದೆಯಲ್ಲಿ ಟೇಪು ಬಿಚ್ಚಿಕೊಂಡಿತು. ಕರೆಂಟು ಹೊಡೆದು ಬೀರಯ್ಯ ಲೈಟು ಹಿಡಿದಂತೆಯೇ ನೀರಿಗೆ ಬಿದ್ದ. ಯಾರೋ ಓಡಿ ಜನರೇಟರು ನಿಲ್ಲಿಸಿದರು, ಜೀವ ಉಳಿಯಿತು. ಬಲಗೈಗೆ ಮಾತ್ರ ಮತ್ತೆ ಜೀವ ಬರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದವರು ಅಬ್ಬಾ ಮತ್ತು ಮಗಳು. ಬೀರಯ್ಯ ಗೋಡೆಗೆ ಒರಗಿ ಕೂತು ತನ್ನ ಹಳೆಯ ಬಲೆಯ ಅಂಚು ಹಿಡಿಯಲು ನೋಡುತ್ತಿದ್ದ. ಬೆರಳು ಮಡಿಚಿಕೊಳ್ಳಲಿಲ್ಲ. ಬಲೆ ಜಾರಿತು. ಎತ್ತಿ ಮತ್ತೆ ಹಿಡಿದ. ಮತ್ತೆ ಜಾರಿತು.

"ಕುಡಿದು ಬಿದ್ದ ಅಂತ ಹಬ್ಬಿಸವ್ರೆ ಸಾಬ್ರೇ," ಎಂದಳು ಹುಲಿಗೆಮ್ಮ. "ನನ್ನ ಗಂಡ ಎಲೆಯಡಿಕೆ ಬಿಟ್ಟು ಬೇರೆ ಮುಟ್ಟಿದೋನಲ್ಲ."

ಅಬ್ಬಾ ಜಾರಿದ ಬಲೆ ಎತ್ತಿ ಬೀರಯ್ಯನ ಮಡಿಲಿಗೆ ಇಟ್ಟರು. ಆ ಟೇಪು ಸುತ್ತಿದ್ದವರು ಅವರೇ.

ಹದಿನೈದು ದಿನಕ್ಕೆ ಬಸವರಾಜಪ್ಪ ಅಂಗಡಿಗೆ ಬಂದರು. "ಸಾಬ್ರೇ, ಈ ಸಲ ಹತ್ತು ಲೈಟು. ಒಳ್ಳೇ ವೈರು ಹಾಕ್ಸಿ."

"ಲೈಟು ಇಲ್ಲ," ಎಂದಳು ತರನ್ನುಮ್.

"ಯಾವತ್ತಿಗೆ ಸಿಕ್ತವೆ?"

"ಕೆರೆಗೆ ಯಾವತ್ತೂ ಇಲ್ಲ."

ಬಸವರಾಜಪ್ಪ ಕುರ್ಚಿ ಎಳೆದುಕೊಂಡು ಕೂತರು. ಕೆಟ್ಟ ಮನುಷ್ಯರೇನಲ್ಲ, ಪ್ರತಿವರ್ಷ ಊರ ಶಾಲೆಗೆ ಬೆಂಚು ಕೊಡುವವರು. "ನೋಡು ತಾಯಿ, ಕೆರೆಗೆ ಮರಿ ಬಿಟ್ಟೋನು ನಾನು. ನನ್ನ ಮೀನು ನಾನು ಯಾವ ಹೊತ್ನಲ್ಲಿ ಹಿಡಿದ್ರೆ ಯಾರಿಗೇನು? ಹಗಲು ಬಿಸಿಲಿಗೆ ತಳ ಸೇರ್ತವೆ. ಗುತ್ತಿಗೆ ಮುಗಿಯೋದ್ರೊಳಗೆ ಹಿಡೀದಿದ್ರೆ ಮುಂದಿನೋನಿಗೆ ಬಿಟ್ಟು ಹೋಗ್ಲಾ?"

"ನೀವು ಬಿಟ್ಟಿದ್ದು ಕಾಟ್ಲಾ ಮರಿ. ಗೆಂಡೆ ಯಾರು ಬಿಟ್ಟಿದ್ದು? ಕೊರವ ಯಾರು ಬಿಟ್ಟಿದ್ದು? ನೀನು ಬಸವರಾಜಪ್ಪನೋರ ಮೀನಾ, ಕೆರೆ ಮೀನಾ ಅಂತ ಕೇಳಿ ಕರೆಯುತ್ತಾ ನಿಮ್ಮ ಲೈಟು?"

"ಹಗಲು ಹಿಡಿದ್ರೂ ಸಾಯೋದು ತಾನೇ?"

"ಹಗಲು ತಪ್ಪಿಸ್ಕೊಳ್ಳೋ ಮೀನೂ ಇರ್ತವೆ. ಮುಂದಿನ ವರ್ಷದ ಮೀನು ಅವೇ. ನೀವು ಅವನ್ನೇ ಕರೆದು ಕರೆದು ತೆಗೀತಿದೀರಿ, ಅದೂ ತತ್ತಿ ತುಂಬಿರೋ ತಿಂಗಳಲ್ಲಿ." ಅವಳು ಬುಕಿಂಗ್ ಪುಸ್ತಕ ಮುಚ್ಚಿಟ್ಟಳು. "ಮದುವೆ ಅಂತೀರಲ್ಲ, ಬಸುರಿಗೆ ಯಾರಾದ್ರೂ ಮದುವೆ ಮಾಡ್ತಾರಾ ಬಸವರಾಜಪ್ಪನೋರೇ?"

ಹೊರಗೆ ನಿಂತಿದ್ದ ಆಟೋದವನು ಕಿಸಕ್ಕನೆ ನಕ್ಕುಬಿಟ್ಟ. ಬಸವರಾಜಪ್ಪನವರ ಮುಖ ಕೆಂಪಾಯಿತು.

"ಏನ್ ಸಾಬ್ರೇ, ಮಗಳ ಕೈಲಿ ಅನ್ನಿಸ್ತೀರಾ? ನಮ್ಮ ಬಳಗದ ಒಂದು ಮದುವೆನೂ ಇನ್ಮೇಲೆ ಈ ಮೆಟ್ಲು ಹತ್ತಲ್ಲ, ತಿಳ್ಕೊಳ್ಳಿ."

ತರನ್ನುಮ್ ಅಬ್ಬಾನ ಕಡೆ ನೋಡಲಿಲ್ಲ; ನೋಡಿದರೆ ಸೋಲುತ್ತೇನೆ ಅನ್ನಿಸಿತು. ವಜೀರ್ ಸಾಬರು ಟೋಪಿ ತೆಗೆದು ತಲೆ ಸವರಿಕೊಂಡರು, ಮತ್ತೆ ಹಾಕಿಕೊಂಡರು.

"ಬುಕಿಂಗ್ ನೋಡ್ಕೊಳ್ಳೋದು ಅವಳು ಸ್ವಾಮೀ," ಎಂದರು ಮೆಲ್ಲಗೆ. "ಅವಳು ಇಲ್ಲ ಅಂದ್ರೆ ಇಲ್ಲ."

"ಬೀರೂರಲ್ಲಿ ಅಂಗಡಿ ಇಲ್ವಾ? ತರೀಕೆರೇಲಿ ಇಲ್ವಾ?" ಎನ್ನುತ್ತಾ ಅವರು ಎದ್ದುಹೋದರು.

ಅವರ ಕಾರು ತಿರುವು ದಾಟುವ ಮೊದಲೇ ತರನ್ನುಮ್ ಫೋನು ಎತ್ತಿಕೊಂಡಳು. ಶಾಮಿಯಾನದವರ ನಂಬರು ಶಾಮಿಯಾನದವರಲ್ಲಿ ಇರದೆ ಇನ್ನೆಲ್ಲಿರುತ್ತದೆ? ಈ ಕೆರೆಗೆ ಲೈಟು ಕೊಡಬೇಡಿ ಎಂದರೆ ತರೀಕೆರೆಯವರು "ನಮಗ್ಯಾಕಮ್ಮಾ ಊರ ಉಸಾಬರಿ" ಎಂದು ಇಟ್ಟುಬಿಟ್ಟರು. ಕಡೂರಿನವರು ನೋಡೋಣ ಅಂದರು. ಬೀರೂರಿನವನು ಜಗಳಕ್ಕೇ ಬಂದ. "ನೀವು ಬಿಟ್ಟಿದ್ದನ್ನ ನಾವು ಹಿಡಿದ್ರೆ ಹೊಟ್ಟೆಕಿಚ್ಚಾ? ಮೀನಿಗೋಸ್ಕರ ಯಾರಾದ್ರೂ ವ್ಯಾಪಾರ ಬಿಡ್ತಾರೇನ್ರೀ?"

ಅವನ ಕೂಗು ಫೋನಿನಿಂದಾಚೆ ರಸ್ತೆವರೆಗೂ ಕೇಳಿಸುತ್ತಿತ್ತು. ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಹುಲಿಗೆಮ್ಮ ಯಾವಾಗ ಬಂದು ರಸ್ತೆಯಲ್ಲಿ ನಿಂತಿದ್ದಳೋ. ಯಾವತ್ತೂ ಹಿತ್ತಲ ಬಾಗಿಲಿಗೆ ಬಂದು ಹೋಗುತ್ತಿದ್ದವಳು, ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬಂದು ಕೈ ಚಾಚಿದಳು.

"ಕೊಡಿಲ್ಲಿ."

ಫೋನನ್ನು ಕಿವಿಗೆ ಒತ್ತಿ ಹಿಡಿದು, ಕೆರೆಯ ಆಚೆ ದಡಕ್ಕೆ ಕೂಗುವವಳ ಹಾಗೆ ಧ್ವನಿ ಎತ್ತಿದಳು.

"ಅಣ್ಣೋ, ನಾನು ಹುಲಿಗೆಮ್ಮ ಅಂತ. ಲೈಟು ಹಿಡಿದು ಕೈ ಕಳ್ಕೊಂಡ ಬೀರಯ್ಯನ ಹೆಂಡ್ತಿ. ನಿನ್ನ ಲೈಟು ಕಳ್ಸೋಕೆ ಮೊದ್ಲು, ಅದನ್ನ ಹಿಡಿದು ಹರಿಗೋಲಲ್ಲಿ ಕೂರೋದು ನಿಮ್ಮನೇಲಿ ಯಾರು ಅಂತ ಹೇಳು. ಹೇಳೋವರ್ಗೂ ನಾನು ಫೋನ್ ಇಡಲ್ಲ."